ಬರೆಯದೆ ಬಿಟ್ಟ ಉತ್ತರಗಳು

"ಈಗ ಟಿ.ಸಿ. ತಗೊಂಡ್ರೆ ಮುಂದೆ ಯಾವಾಗಾದ್ರೂ ಮತ್ತೆ ಸೇರ್ಕೋಬಹುದಾ, ಮೇಡಂ?"

ಮೊದಲ ವರ್ಷದ ಬಿ.ಎ. ಫಲಿತಾಂಶ ಬಂದ ಮರುದಿನ ಆ ಹುಡುಗಿ ಸ್ಟಾಫ್ ರೂಮಿಗೆ ಬಂದು ಕೇಳಿದಳು. ಮದುವೆಯಾದ ಮೇಲೆ ಕಾಲೇಜಿಗೆ ಸೇರಿದವಳು. ಎಲ್ಲ ವಿಷಯಗಳಲ್ಲೂ ಹೇಗೋ ಪಾಸಾಗಿದ್ದಳು, ಅಷ್ಟೆ.

"ಮಾರ್ಕ್ಸ್ ಕಡಿಮೆ ಬಂತು ಅಂತ ಬಿಡ್ತೀಯಾ?" ಅಧ್ಯಾಪಕಿ ಕೇಳಿದರು. "ತಪ್ಪು ನಿಂದೇ. ಪರೀಕ್ಷೆ ಹಾಲ್‌ನಲ್ಲಿ ನಾನೇ ಇದ್ದೆನಲ್ಲ. ನೀನು ಅರ್ಧ ಬರೆದು, ಪೆನ್ನು ಮುಚ್ಚಿಟ್ಟು, ಕಿಟಕಿ ಆಚೆ ನೋಡ್ತಾ ಕೂತ್ಕೊಂಡೆ. ಉತ್ತರ ಗೊತ್ತಿರ್ಲಿಲ್ಲ ಅಂತ ಮಾತ್ರ ಹೇಳ್ಬೇಡ. ಕ್ಲಾಸಲ್ಲಿ ಉಳಿದವರಿಗೆ ಹೇಳ್ಕೊಡೋಳೇ ನೀನು."

"ಗೊತ್ತಿತ್ತು, ಮೇಡಂ."

"ಮತ್ತೆ?"

"ಪಾಸಾಗೋಕೆ ಅಷ್ಟು ಸಾಕಿತ್ತು. ಫೇಲಾದ್ರೆ ಕಾಲೇಜು ಬಿಡಿಸ್ತೀನಿ ಅಂದಿದ್ರು ನಮ್ಮತ್ತೆ. ಜಾಸ್ತಿ ತಗೊಂಡ್ರೆ ನಮ್ಮನೆಯೋರು ಸುಮ್ನಿರಲ್ಲ." ಅವಳು ವೇಲನ್ನು ಕತ್ತಿನ ಸುತ್ತ ಎಳೆದುಕೊಂಡಳು. "ಕಿರುಪರೀಕ್ಷೇಲಿ ಫಸ್ಟ್ ಬಂದಾಗ ಒಂದು ವಾರ ಕ್ಲಾಸಿಗೆ ಬಂದಿರ್ಲಿಲ್ವಲ್ಲ, ನಾನು."

ಅಧ್ಯಾಪಕಿಗೆ ನೆನಪಾಯಿತು. ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದಳು. ನಂಬಿದ್ದರು.

ಅವರು ದನಿ ತಗ್ಗಿಸಿ ಹೇಳಿದರು. "ಸರಿ, ಅವರು ಹೇಳ್ದಂಗೇ ಆಯ್ತಲ್ಲ. ಫೇಲೂ ಆಗಿಲ್ಲ, ಜಾಸ್ತೀನೂ ತಗೊಂಡಿಲ್ಲ. ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ. ಈಗ್ಯಾಕೆ ಟಿ.ಸಿ.?"

ಅವಳು ಬಾಗಿಲ ಕಡೆಗೊಮ್ಮೆ ನೋಡಿದಳು.

"ನಮ್ಮನೆಯೋರು ಫಸ್ಟ್ ಇಯರ್ ಬಾಕಿ ಪೇಪರ್‌ಗಳ್ನ ಈ ಸಲ ಮತ್ತೆ ಕಟ್ಟಿದ್ರು, ಮೇಡಂ. ನಿನ್ನೆ ಅವರ ರಿಸಲ್ಟೂ ಬಂತು. ಒಂದೂ ಪಾಸಾಗ್ಲಿಲ್ಲ."