ಸ್ಟೀಲ್ ಗಿಟಾರ್: ವೆರ್ಲಿನ್ ಸ್ಟೋಕ್ಸ್

ಹಾಡು ಅರ್ಧಕ್ಕೆ ಬರುವಷ್ಟರಲ್ಲೇ ವೆರ್ಲಿನ್‌ಗೆ ಗೊತ್ತಾಗಿಹೋಯಿತು, ಸ್ಟೀಲ್ ಗಿಟಾರ್ ನುಡಿಸುತ್ತಿರುವುದು ತಾನಲ್ಲ.

ಗೊತ್ತಾದರೂ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಲೇ ಇದ್ದ. ಎದುರಿಗೆ ಕುಳಿತಿದ್ದವಳು ಮಾರಿಸೋಲ್, ಲಾಸ್ ಏಂಜಲೀಸ್‌ನ ರೆಕಾರ್ಡ್ ಕಂಪನಿಯ ಹುಡುಗಿ. ಸಾಲ್ಟ್‌ಬುಷ್ ಬ್ಯಾಂಡು ಎಪ್ಪತ್ತೈದನೇ ಇಸವಿಯಲ್ಲಿ ಇದೇ ಬೇಕರ್ಸ್‌ಫೀಲ್ಡ್‌ನ ಬ್ಲೂ ಮ್ಯೂಲ್ ಬಾರಿನಲ್ಲಿ ಕೊಟ್ಟ ಹತ್ತಾರು ಕಛೇರಿಗಳಲ್ಲಿ ಒಂದರ ಟೇಪು ಯಾರದೋ ಗ್ಯಾರೇಜಿನಲ್ಲಿ ಸಿಕ್ಕಿತ್ತು. ಇಷ್ಟು ವರ್ಷ ಒಂದು ನರಪಿಳ್ಳೆಯೂ ಕೇಳಿರದ ಟೇಪು. ಅದನ್ನೀಗ ಹೊರತರುವ ಸಂಭ್ರಮ ಕಂಪನಿಯವರಿಗೆ. ಬ್ಯಾಂಡಿನ ಐವರಲ್ಲಿ ಉಳಿದಿದ್ದವನು ವೆರ್ಲಿನ್ ಒಬ್ಬನೇ. ಯಾರು ಯಾವ ವಾದ್ಯ ನುಡಿಸಿದರು ಎಂದು ಬರೆದಿದ್ದ ಹಾಳೆಯ ಕೆಳಗೆ ಅವನದೊಂದು ಸಹಿ ಬಿದ್ದರೆ ಮುಗಿಯಿತು.

"ಇದೇ, ಇದೇ ಜಾಗ ಸರ್!" ಮಾರಿಸೋಲ್ ಅಡುಗೆಮನೆಯ ಮೇಜಿನ ಮೇಲಿದ್ದ ಪುಟ್ಟ ಸ್ಪೀಕರಿನ ಸದ್ದು ಹೆಚ್ಚಿಸಿದಳು. "ಇದನ್ನ ಕೇಳಿ ನಮ್ಮ ಆಫೀಸಲ್ಲಿ ಒಬ್ರು ಅತ್ತೇಬಿಟ್ರು. ಬೇರೆ ರೆಕಾರ್ಡಲ್ಲೂ ಚೆನ್ನಾಗೇ ನುಡಿಸಿದೀರ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ನೀವು ಬೇರೆ ಮನುಷ್ಯಾನೇ ಬಿಡಿ."

ಒಲೆಯ ಪಕ್ಕದಲ್ಲಿ ಪೀಚ್ ಪೈ ಕತ್ತರಿಸುತ್ತಿದ್ದ ಓಪಲ್ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಪೈ ತಿನ್ನು ಮಗಳೇ, ಆರಿಹೋಗತ್ತೆ," ಎಂದಳು.

ವೆರ್ಲಿನ್ ಪೆನ್ನು ಕೈಗೆತ್ತಿಕೊಂಡ. ಅವನ ಬೆರಳುಗಳನ್ನು ಯಾರಾದರೂ ಹೀಗೆ ಹೊಗಳಿ ನಲವತ್ತು ವರ್ಷವಾಗಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಸಹಿಯ ಮೊದಲ ಅಕ್ಷರವನ್ನು ಬರೆದೂ ಆಯಿತು. ಆಮೇಲೆ ಕೈ ಮುಂದಕ್ಕೇ ಹೋಗಲಿಲ್ಲ.

"ಇದು ನಾನಲ್ಲ ಕಣಮ್ಮ," ಎಂದ.

"ಅಂದ್ರೆ?"

"ಅವನಿಗೆ ಅರಳುಮರಳು," ಓಪಲ್ ನಡುವೆ ಬಾಯಿ ಹಾಕಿದಳು. "ನಿನ್ನೆ ಕನ್ನಡಕ ಹಾಕ್ಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದಾನೆ. ನೀನು ಬರ್ಕೋ, ವೆರ್ಲಿನ್ ಸ್ಟೋಕ್ಸ್ ಅಂತ."

"ನೀ ಸುಮ್ನಿರೇ. ಮಾರಿಸೋಲ್, ಆ ಜಾಗ ಇನ್ನೊಂದ್ಸಲ ಹಾಕು. ಹಾಂ, ಕೇಳು. ಇಲ್ಲಿ ಸ್ವರ ಏರ್ಬೇಕು. ನಾನಾದ್ರೆ ಮೇಜಿನ ಹಾಗೆ ನಿಂತಿರೋ ಗಿಟಾರಿನ ಕೆಳಗಿರೋ ಲಿವರನ್ನ ಮೊಣಕಾಲಲ್ಲಿ ತಳ್ತೀನಿ, ಸ್ವರ ತಟ್ಟಂತ ಹೋಗಿ ಮೇಲೆ ಕೂರತ್ತೆ. ಇಲ್ಲಿ ಹಾಗಿಲ್ಲ. ಕೈಲಿರೋ ಉಕ್ಕಿನ ತುಂಡನ್ನ ತಂತಿ ಮೇಲೆ ಓರೆ ಮಾಡಿ ಜಾರಿಸಿದಾರೆ. ಚರ್ಚಲ್ಲಿ ಗಿಟಾರನ್ನ ತೊಡೆ ಮೇಲೆ ಮಲಗಿಸ್ಕೊಂಡು ಕಲಿತೋರ ಕೈ ಇದು. ನನ್ನ ಲಿವರು ನನ್ನ ಉದ್ದನೆ ಕಾಲಿಗೆ ಕೂರಿಸಿದ್ದು. ಐದಡಿ ಹೆಂಗಸಿನ ಮೊಣಕಾಲು ಅದಕ್ಕೆ ಎಲ್ಲಿ ಎಟುಕತ್ತೆ?"

ಮಾರಿಸೋಲ್ ಓಪಲ್‌ಳ ಕಡೆ ನೋಡಿದಳು. ಓಪಲ್ ತೊಳೆದ ಚಾಕುವನ್ನೇ ಮತ್ತೆ ತೊಳೆಯುತ್ತಿದ್ದಳು.

"ಅವತ್ತು ನಾನು ಕಂಠಮಟ್ಟ ಕುಡಿದು ವ್ಯಾನಲ್ಲಿ ಬಿದ್ಕೊಂಡಿದ್ದೆ," ವೆರ್ಲಿನ್ ಹೇಳಿದ. "ಇನ್ನೊಂದ್ಸಲ ಕೈಕೊಟ್ರೆ ಬೇರೆಯೋನನ್ನ ಕರ್ಕೋತೀವಿ ಅಂತ ಮ್ಯಾನೇಜರ್ ಮೊದ್ಲೇ ಹೇಳಿದ್ದ. ಇವಳು ನನ್ನ ಕೋಟು ಹಾಕ್ಕೊಂಡು, ಟೋಪಿ ಹುಬ್ಬಿನ ತನಕ ಎಳ್ಕೊಂಡು ಹೋಗಿ ಕೂತ್ಲು. ಸ್ಟೀಲ್ ನುಡಿಸೋನು ಮೂಲೇಲಿ ತಲೆ ಬಗ್ಗಿಸ್ಕೊಂಡು ಕೂತಿರೋನು, ಯಾರು ನೋಡ್ತಾರೆ? ಬ್ಯಾಂಡಿನೋರಿಗೆ ಗೊತ್ತಾಯ್ತು. ಆದ್ರೂ ಒಬ್ರೂ ಉಸಿರೆತ್ತಲಿಲ್ಲ, ಹಾಗೆ ನುಡಿಸ್ತಿದ್ಲು."

"ಈಗ ಯಾಕೋ ಅದೆಲ್ಲ?" ಓಪಲ್ ಚಾಕು ಕೆಳಗಿಟ್ಟಳು. "ನೀನು ಕುಡಿದು ಬಿದ್ದಿದ್ದು ಊರಿಗೆಲ್ಲ ಡಂಗುರ ಆಗ್ಬೇಕಾ? ಮೊಮ್ಮಕ್ಕಳು ಓದ್ತಾರೆ."

"ಓದ್ಲಿ. ಅಜ್ಜಿ ಹೀಗೆ ನುಡಿಸ್ತಿದ್ಲು ಅಂತಾನೂ ಓದ್ಲಿ."

ವೆರ್ಲಿನ್ ಹಾಳೆಯ ಮೇಲಿದ್ದ ತನ್ನ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಓಪಲ್ ಸ್ಟೋಕ್ಸ್ ಎಂದು ಬರೆದ. ಕೆಳಗೆ ತನ್ನ ಸಹಿಯನ್ನು ಪೂರ್ತಿ ಮಾಡಿದ. ಓಪಲ್ ಹತ್ತಿರ ಬಂದು ಬಗ್ಗಿ ನೋಡಿದಳು. "ಕಾಗೆ ಕಾಲು ಗುಬ್ಬಿ ಕಾಲು ಮಾಡಿದೀಯಲ್ಲೋ, ಮಾರಾಯ," ಎಂದು ಬೈದು, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಸ್ಪೀಕರಿನಲ್ಲಿ ಹಾಡು ಮುಗಿದು ಚಪ್ಪಾಳೆ ಶುರುವಾಗಿತ್ತು. ಜನರ ನಡುವಿನಿಂದ ಯಾವನೋ "ವೆರ್ಲಿನ್! ವೆರ್ಲಿನ್!" ಎಂದು ಕೂಗುತ್ತಿದ್ದ. ಅದನ್ನು ಕೇಳಿ ಓಪಲ್ ನಕ್ಕುಬಿಟ್ಟಳು. ಅಷ್ಟು ಖುಷಿಯ ನಗು ಕೇಳಿ ವೆರ್ಲಿನ್ ಪೆನ್ನು ಕೆಳಗಿಟ್ಟ.

"ಓಪಲ್, ಆಮೇಲೆ ಒಂದಿನಾನೂ ಯಾಕೆ ನುಡಿಸ್ಲಿಲ್ಲ ನೀನು?" ಎಂದು ಕೇಳಿದ. ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಓಪಲ್ ಅವನ ತಟ್ಟೆಗೆ ಪೈಯ ದೊಡ್ಡ ಚೂರನ್ನೇ ಹಾಕಿದಳು.

"ನೀನು ಆಮೇಲೆ ಒಂದಿನಾನೂ ಕುಡೀಲಿಲ್ವಲ್ಲೋ."