ಬೆಳ್ಳಿ ಏರಿದ ದಿನ

ಲೋಕನಾಥ ಮುರಾರಿಯ ಕಾಲರ್ ಹಿಡಿದಾಗ ಪೊಲೀಸರು ಇನ್ನೂ ಬಾಗಿಲಲ್ಲೇ ಇದ್ದರು.

“ಇವರನ್ನು ಕರೆಸಿದ್ದು ನೀನೇ ಅಲ್ವಾ? ನನ್ನ ದುಡ್ಡು ಕೊಡ್ಲಿಕ್ಕೆ ಆಗದೆ?”

“ತಲಿ ಕೆಟ್ಟದೇನ್ರೀ? ನಾನೇ ನನ್ನ ಕೊರಳಿಗೆ ಹಗ್ಗ ಹಾಕ್ಕೋತೀನೇನು?”

“ಕೋಣಿ ಹಲಾಯ್ಚ ನಾಹಿ!” ಹವಾಲ್ದಾರ ಮರಾಠಿಯಲ್ಲಿ ಗದರಿದ. ಕಲ್ಯಾಣ ರೈಲ್ವೆ ಸ್ಟೇಷನ್ನಿನ ಹಿಂದಿನ ಆ ಕೋಣೆಯಲ್ಲಿ ಅಲುಗಾಡಲು ಜಾಗವಾದರೂ ಎಲ್ಲಿತ್ತು?

ಹೊರಗಿನ ಬೋರ್ಡು ಝೆರಾಕ್ಸ್ ಅಂಗಡಿಯದು. ಒಳಗೆ ನಡೆಯುವುದು ಸೊಲ್ಲಾಪುರದ ಮುರಾರಿಯ ಡಬ್ಬಾ, ಅಂದರೆ ಕಳ್ಳ ಬಾಜಿಯ ಅಡ್ಡೆ. ಚಿನ್ನ, ಬೆಳ್ಳಿ, ಕಚ್ಚಾ ತೈಲ, ಎಲ್ಲದರ ಬೆಲೆಯ ಮೇಲೂ ಬಾಜಿ. ವ್ಯವಹಾರ ಮಾತ್ರ ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತುವುದಿಲ್ಲ. ಮುರಾರಿಯ ನೋಟ್‌ಬುಕ್ಕಿನಲ್ಲಿ ಹುಟ್ಟಿ ಅಲ್ಲೇ ಸಾಯುತ್ತದೆ. ಗಿರಾಕಿ ಸೋತರೆ ಮುರಾರಿಗೆ ಲಾಭ, ಗೆದ್ದರೆ ಅವನೇ ಕೈಯಿಂದ ಕೊಡಬೇಕು. ಹಾಗಾಗಿ ಗಿರಾಕಿಗಳು ಸೋಲುತ್ತಿದ್ದರು.

ಡೊಂಬಿವಲಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಲೋಕನಾಥ ಎರಡು ವರ್ಷ ಸೋತಿದ್ದ. ಹೋದ ತಿಂಗಳು ಹೆಂಡತಿ ಅಕ್ಕುವಿನ ಬಳೆ ಅಡವಿಟ್ಟು, ಬೆಳ್ಳಿ ಏರುತ್ತದೆಂದು ಬಾಜಿ ಕಟ್ಟಿದ. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವಲ್ಲ. ಆದರೂ ಬೆಳ್ಳಿ ಏರಿತು. ಗೆದ್ದದ್ದು ಆರು ಲಕ್ಷ! ಬಳೆ ಬಿಡಿಸಿ ಬೀರುವಿನಲ್ಲಿಟ್ಟರೆ ಅಕ್ಕುವಿಗೆ ಏನೂ ತಿಳಿಯದು, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಆಣೆ ಹಾಕಿಕೊಂಡೇ ಇವತ್ತು ಬಂದಿದ್ದ. ಮುರಾರಿ ಕಪಾಟಿನ ಬೀಗ ತೆಗೆಯುತ್ತಿದ್ದ. ಆಗಲೇ ದಾಳಿ.

“ಕೈ ತೆಗೀರಿ ಅವರ ಮೇಲಿಂದ.” ಮಾರುಕಟ್ಟೆ ನಿಯಂತ್ರಣ ಕಚೇರಿಯ ಅಧಿಕಾರಿ ವಿಶ್ರುತ ಮೈಸೂರಿನವಳು. “ಈ ಕಪಾಟಲ್ಲಿ ನಿಮ್ಮ ದುಡ್ಡಿದ್ಯಾ? ಹೌದು ಅಂದ್ರೆ ಬರ್ಕೋತೀನಿ. ಕೇಸಲ್ಲಿ ನಿಮ್ಮ ಹೆಸರೂ ಇರುತ್ತೆ.”

ಲೋಕನಾಥ ಕಾಲರ್ ಬಿಟ್ಟ. “ಇಲ್ಲ ಮೇಡಂ. ನಾನು ಝೆರಾಕ್ಸಿಗೆ ಬಂದವ.”

ಕಪಾಟಿಗೆ ಸೀಲು ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನಿಗೆ ಮುರಾರಿಯನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟು ಬಂತು.

“ಕಂಪ್ಲೇಂಟ್ ಕೊಟ್ಟದ್ದು ಈ ಕಳ್ಳನೇ ಮೇಡಂ. ಇಲ್ಲದಿದ್ರೆ ಸರೀ ಇವತ್ತೇ ನೀವು ಬರುವುದು ಹೇಗೆ?”

“ಅರ್ಜಿ ಬಂದು ಮೂರು ವಾರ ಆಯ್ತು. ಕನ್ನಡದಲ್ಲಿತ್ತು, ಆಫೀಸಲ್ಲಿ ಓದೋರೇ ಇರ್ಲಿಲ್ಲ. ನಾನು ವರ್ಗ ಆಗಿ ಬಂದಿದ್ದು ಮೊನ್ನೆ ಸೋಮವಾರ.”

“ಕೇಳಿದ್ರೇನು?” ಮುರಾರಿ ಕಾಲರ್ ಸರಿಮಾಡಿಕೊಂಡ. “ನಾ ಕಲ್ತದ್ದು ಮರಾಠಿ ಸಾಲ್ಯಾಗ. ಕನ್ನಡ ಬರೀಲಿಕ್ಕೇ ಬರೂದಿಲ್ಲ ನನಗ.”

“ಸುಳ್ಳು! ಯಾರ ಕೈಲಾದ್ರೂ ಬರೆಸಿದ್ದಾನೆ.”

ವಿಶ್ರುತಳಿಗೆ ರೇಗಿತು. ತೋರಿಸಬಾರದ ಕಾಗದವನ್ನು ಫೈಲಿನಿಂದ ಎಳೆದು, ಸಹಿ ಕಾಣದಂತೆ ಬೆರಳಿಟ್ಟು ಅವನ ಮುಖಕ್ಕೆ ಹಿಡಿದಳು. “ಓದ್ಕೊಳ್ಳಿ. ಆಮೇಲೆ ಬಾಯಿ ಮುಚ್ಚಿ.”

ಇಪ್ಪತ್ತು ವರ್ಷ ಮನೆಯ ಸಾಮಾನಿನ ಚೀಟಿಯಲ್ಲಿ ನೋಡಿದ ಅಕ್ಷರ ಅದು.

“ದಯವಿಟ್ಟು ಆ ಅಂಗಡಿ ಮುಚ್ಚಿಸಿ, ನಮ್ಮ ಯಜಮಾನರು ಅಲ್ಲಿ ಒಂದು ದಿನವೂ ಗೆದ್ದವರಲ್ಲ, ಇನ್ನು ಗೆಲ್ಲುವವರೂ ಅಲ್ಲ.”