ನೀಲವ್ವ ಹಾಕದ ಬೀಗ

ನಮ್ಮ ಓಣಿಯ ಕಂಬ ಯಾರಿಗೆ ಸಂದೇಶ ಬಂದರೂ ಗಟ್ಟಿಯಾಗಿ ಓದುತ್ತದೆ. ಮೊಬೈಲಿಗೆ ಬೀಗ ಹಾಕಿಕೊಂಡವರದು ಮಾತ್ರ ಅವರ ಕಿವಿಗಷ್ಟೇ ಬೀಳುತ್ತದೆ.

"ಇವತ್ತರೆ ಬೀಗ ಹಾಕ್ಕೋ ನೀಲವ್ವ," ಎಂದು ಗೆಳತಿಯನ್ನು ಮತ್ತೆ ಬೇಡಿದೆ. ಅವಳ ಮಗಳು ಚಂಪಾ, ಹೊಡೆಯುವ ಗಂಡನನ್ನು ಬಿಟ್ಟು ನಸುಕಿನಲ್ಲೇ ಹೋಗಿದ್ದಳು. ಆ ಅಳಿಯ ಎದುರಿನ ಚಹಾದಂಗಡಿಯಲ್ಲಿ ಕಂಬದ ಕಡೆ ಕಿವಿಕೊಟ್ಟು ಕುಳಿತಿದ್ದ.

"ನನಗ ಜ್ವರ ಬಂದೈತಿ ಅಂತ ಕಂಬ ಹೇಳಿದ್ದಕ್ಕನ ಓಣಿ ಮಂದಿ ಗಂಜಿ ತಂದ್ರು. ಈಗ ಬೀಗ ಹಾಕಿದ್ರ, ನಾವು ಬ್ಯಾಡಾದ್ವೇನು ಅನ್ನೂದಿಲ್ಲೇನು?"

"ಅನ್ನಲಿ ಬಿಡ. ನನಗೂ ಅಂದ್ರು, ಆಮ್ಯಾಲೆ ಮರತ್ರು."

"ನಿನ್ನ ಮಾತು ಬ್ಯಾರೆವಾ. ನೀ ಕಾಲೇಜು ಕಲತಾಕಿ, ನಿನಗ ಸೊಕ್ಕು ಇರೂದ," ಎಂದು ನಕ್ಕಳು.

ಅಷ್ಟರಲ್ಲಿ ಕಂಬ ಕೆಮ್ಮಿತು. "ನೀಲವ್ವನವರಿಗೆ, ಮಗಳಿಂದ. ಅವ್ವಾ, ನಾ ಬಂದು ಮುಟ್ಟೀನಿ. ಇಲ್ಲಿ ವಿಳಾಸ..."

ಹೂವಿನ ಶಾಂತವ್ವ ತಟ್ಟನೆ ತಾಟು ಬಡಿಯತೊಡಗಿದಳು. ಇಸ್ತ್ರಿ ಅಂಗಡಿಯ ಮಾಬುಸಾಬ ರೇಡಿಯೊ ಜೋರು ಮಾಡಿದ. ಮಕ್ಕಳೂ ಕಾರಣ ಕೇಳದೆ ಕೂಗಿದರು. ವಿಳಾಸ ಯಾರಿಗೂ ಕೇಳಿಸಲಿಲ್ಲ.

"ನೋಡಿದೇನು ನಮ್ಮ ಮಂದೀನ?" ಎಂದು ನೀಲವ್ವ ಕಣ್ಣೊರೆಸಿಕೊಂಡಳು.

ಗದ್ದಲವಾದರೆ ಕಂಬ ಸುಮ್ಮನಿರುವುದಿಲ್ಲ. ದನಿ ಎರಡು ಪಟ್ಟು ಏರಿಸಿ, ಮೊದಲಿನಿಂದ, ಊರು, ಬೀದಿ, ಬಾಗಿಲಿನ ಬಣ್ಣ ಎಲ್ಲವನ್ನೂ ಬಿಡಿಸಿ ಬಿಡಿಸಿ ಓದಿತು.

ಅಳಿಯ ಚಹಾ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದ. ಶಾಂತವ್ವ ಇನ್ನೂ ತಾಟು ಬಡಿಯುತ್ತಲೇ ಇದ್ದಳು.